ಕತ್ತರಿಸಿ ಕಳಿಸುವ ಭಾಗ

ಮಗಳ ಚೀಲದ ತಳದಲ್ಲಿ, ಕಡ್ಲೆಮಿಠಾಯಿಯ ಪುಡಿಯ ಜೊತೆ
ನಾಲ್ಕು ಮಡಿಕೆಯ ಚೀಟಿ.
ಒಂದು ಕಡೆ ಮಲಯಾಳ, ಮಗುಚಿದರೆ ಕನ್ನಡ.
ಕುಂಬಳೆ ಕಡಪ್ಪುರದ ಶಾಲೆಯಿಂದ, ರಕ್ಷಕರ ಗಮನಕ್ಕೆ:

ಹನ್ನೆರಡಕ್ಕೆ ಓದಿನ ದಿನ, ಮನೆಯವರೊಬ್ಬರು ಬಂದು ಕತೆ ಹೇಳಬೇಕು.
ಹತ್ತೊಂಬತ್ತಕ್ಕೆ ಬಸಳೆ ಚಪ್ಪರ. ಹಾರೆ ಇದ್ದವರು ತನ್ನಿ.
ತಿಂಗಳ ಕೊನೆಗೆ ಆಟೋಟ, ಆಮೇಲೆ ಉಪಜಿಲ್ಲಾ ಕಲೋತ್ಸವ,
ಜಡೆ ಹೆಣೆಯಲು, ಬಣ್ಣ ಹಚ್ಚಲು ಕೈ ಬೇಕು.

ಕೆಳಗೆ ಚುಕ್ಕೆಗಳ ಗೆರೆ.
ಹೆಸರು. ಮಗುವಿನ ತರಗತಿ.
ನಿಮಗೆ ಏನು ಬರುತ್ತದೆ?

ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಮೀನಿಗೆಷ್ಟು ಅಂದವರುಂಟು,
ಬಾಕಿ ಯಾವಾಗ ಅಂದವರುಂಟು.

ಜಗಲಿಯಲ್ಲಿ ಬಲೆ ಹರವಿ ಕೂತ ಇವರು
ತಲೆಯೆತ್ತದೆ ಅಂದರು, "ಏನೂ ಬರುವುದಿಲ್ಲ ಅಂತ ಬರೆ."
ಪೆನ್ನು ಹಿಡಿದೇ ಇದ್ದೆ.
ಮನೆಯಲ್ಲಿ ತುಳು, ಮಾರ್ಕೆಟ್ಟಿನಲ್ಲಿ ಮಲಯಾಳ,
ಕನ್ನಡ ಏಳನೆಯ ತರಗತಿವರೆಗೆ ಬಂದು
ನನ್ನ ಜೊತೆಗೇ ಶಾಲೆ ಬಿಟ್ಟದ್ದು.

"ಅಪ್ಪನಿಗೆ ಬರ್ತದಲ್ಲ!" ಎಂದಳು ಯಶಿಕಾ,
"ನಮ್ಮ ವಾಲಿಬಾಲ್ ನೆಟ್ಟಿನಲ್ಲಿ ತೂತುಂಟು,
ಪ್ರಮೀಳಾ ಟೀಚರ ತಲೆಯೇ ತೂರುವಷ್ಟು."

ಬಲೆಸೂಜಿ ನಿಂತಿತು.
"ಎಷ್ಟು ಕಣ್ಣು ಹರಿದಿದೆ?"

ಬರೆದೆ: ಸುಧಾಕರ ಸಾಲಿಯಾನ್, ಬಲೆ.
ಜಾಗ ಉಳಿದಿತ್ತು. ಸ್ವಲ್ಪ ಹೊತ್ತು ಬಿಟ್ಟು
ಸಣ್ಣಕ್ಷರದಲ್ಲಿ: ಜಲಜಾಕ್ಷಿ, ಕತೆ.
ತುಳುವಿನಲ್ಲಾದರೆ ಆದೀತೇ?

ಕತ್ತರಿ ಸಿಗಲಿಲ್ಲ.
ನೂಲು ಕೊಯ್ಯುವ ಚೂರಿಯಲ್ಲೇ ಚುಕ್ಕೆಗಳ ಗುಂಟ ಕೊಯ್ದರು ಇವರು.
ಸ್ವಲ್ಪ ವಾರೆಯಾಯಿತು.