ಸುಣ್ಣದ ಗೆರಿ

ಕರೆಂಟ್ ಹೋಗಿ ಹನ್ನೊಂದಕ್ಕ ಮಗ್ಗ ಸುಮ್ಮನಾದವು.
ಕಂಡಕಿ ಬುಟ್ಟಿ ಸೊಂಟದ ಮ್ಯಾಲಿಟ್ಕೊಂಡು
ಬನಹಟ್ಟಿ ಹೈಸ್ಕೂಲ್ ಮೈದಾನದ ಅಂಚು ಹಿಡದು ಹೊಂಟಿದ್ನಿ.
ಅಡ್ಡದಾರಿ ಅದು. ಆಟ ನೋಡಾಕಂತಲ್ಲ.

ಮೈಕಿನ್ಯಾಂವ ಒದರಿದ: ಎತ್ತರಾ... ಎತ್ತರಾ...
ತಲಿ ಎತ್ತಿದ್ರ ಬರೇ ಬಿಸಲು.
ಬಿಸಲಿನ್ಯಾಗಿಂದ ಒಂದು ಕರಿ ಚುಕ್ಕಿ
ದೊಡ್ಡದಾಕ್ಕೋತ ನನ್ನ ಮ್ಯಾಲನ ಬರಾಕತ್ತಿತ್ತು.

ಎಡಗೈ ತಾನ ಹೋತು.
ಇಪ್ಪತ್ತು ವರ್ಷ, ಆಚಿ ಮಗ್ಗದಿಂದ ಗೌರವ್ವ ಒಗದ ಕಂಡಕಿ
ನೋಡದನ ಹಿಡದ ಕೈ.
ಬುಟ್ಟಿ ಅಲಗಲಿಲ್ಲ. ಒಂದೂ ಬೀಳಲಿಲ್ಲ.

"ಆರು ರನ್ನಾ! ಅಕ್ಕಾರ ಕ್ಯಾಚ್ ನೋಡ್ರೆಪಾ!
ಅಕ್ಕಾರಿಗೆ ನೂರಾ ಒಂದು ರೂಪಾಯಿ, ಚೌಡಕಿ ಸೈಜಿಂಗ್ ಕಡಿಂದ!"
ಸೀಟಿ. ಚಪ್ಪಾಳಿ.
ಕಟ್ಟಿ ಮ್ಯಾಲಿನ ಮುದುಕರು ಸುದ್ದಾ ಎದ್ದು ನಿಂತ್ರು.

ಚೆಂಡು ಬೆಚ್ಚಗಿತ್ತು,
ಜೂಲು ಹೋಗಿ ಅರ್ಧ ಬೋಳು.
ಕೊಡಬೇಕನ್ನೂದು ಗೊತ್ತೈತಿ,
ಬೆರಳು ಬಿಚ್ಚವಲ್ಲವು.
ನನ್ನ ಕೈಗೆ ಅಂತ ಯಾರ ಚಪ್ಪಾಳಿ ಹೊಡದಿದ್ರು
ಇಲ್ಲೀತನಕ?

ಇಸ್ಕೊಳ್ಳಾಕ ಓಡಿ ಬಂದಾಂವ ಬೌಲರ್.
ನಮ್ಮ ದಾನೇಶ.
ನಾನ ಎತ್ತಿ ಆಡಿಸಿದ ತಮ್ಮ.
ಕೊನೀ ಓವರು, ಮಾರ್ಯಾಗ ರಗತ ಇಲ್ಲ.

ಕೈ ಚಾಚಿದ. ನನ್ನ ಮಾರಿ ನೋಡಲಿಲ್ಲ,
ಕಾಲು ನೋಡಿದ.
ಸುಣ್ಣದ ಗೆರಿಗೂ ನನ್ನ ಹೆಬ್ಬೆರಳಿಗೂ ನಡುವ
ಒಂದ ಒಂದು ಗೇಣು.

"ಯಕ್ಕಾ," ಅಂದ,
"ಒಂದೀಟು ಒಳಗ ನಿಂದ್ರಬಾರದಿತ್ತೇನ?"

ನಗು ಬಂತು. ನಗಲಿಲ್ಲ.
ಸೆರಗಿಲೆ ಒರಸಿ ಕೊಟ್ನಿ ಚೆಂಡು.
ಇನ್ನಾ ಎರಡು ಬಾಲ್ ಇದ್ದವು.