ಬಿಳಿ ಕಂಡರೆ ಹೆದರುವ ಮೀಟರು

ಕಾಜುಬಾಗದ ನನ್ನ ರಿಪೇರಿ ಅಂಗಡಿಗೆ ಅದು ನಾಲ್ಕು ಸಲ ಬಂದಿದೆ,
ನಾಲ್ಕು ಮಾಲಕರ ಹೆಗಲೇರಿ.
ಕ್ಯಾಮೆರಾ ಒಂದೇ. ತಳದಲ್ಲಿ ನಾನೇ ಗೀರಿದ ಗುರುತಿದೆ,
ಬೆರಳುಗುರಿನಷ್ಟು ಮೀನಿನ ಮುಳ್ಳು.

ಪೇಪರಿನವರು ಕೊಳ್ಳುವಂಥದ್ದಲ್ಲ,
ಹುಟ್ಟುಹಬ್ಬಕ್ಕೆ ಮಕ್ಕಳ ಕೈಗೆ ಕೊಡುವಂಥದ್ದೂ ಅಲ್ಲ.
ಪೇಟೆಯಲ್ಲಿ ಇಸ್ವಾಣಕ್ಕೂ ತಾರ್ಲೆಗೂ ನಡುವೆ
ಬಂಗಡೆ ಕೂತಿರುತ್ತದಲ್ಲ, ಹಾಗೆ.

ಮೊದಲು ತಂದವ ಸ್ಟುಡಿಯೋದ ಇನಾಸ್ ರುಜಾರ್.
"ಏನು ಸದ್ದು ಮಾರಾಯ ಇದರ ಷಟರು!
ಇಗರ್ಜಿಯಲ್ಲಿ ಪಾದ್ರಿ ಪ್ರಾರ್ಥನೆ ನಿಲ್ಲಿಸಿ ನನ್ನನ್ನೇ ನೋಡಿದ.
ಮೇಲಿಂದ ಮದುಮಗಳು ಕಪ್ಪಾಗಿ ಬರ್ತಾಳೆ,
ಅವಳವ್ವ ಹಣ ಕೊಡೋದಿಲ್ಲ ಅಂತಾಳೆ."
ಬಿಳಿ ಗೌನು, ಬಿಳಿ ಮುಸುಕು, ಹಿಂದೆ ಸುಣ್ಣದ ಗೋಡೆ.
ಮೀಟರಿಗೆ ಬಿಳಿ ಅಂದರೆ ಭಯ ಇನಾಸ್,
ಬೆಳಕು ಹೆಚ್ಚಾಯಿತೆಂದು ಕಣ್ಣು ಕಿರಿದು ಮಾಡುತ್ತದೆ,
ಒಂದು ಸ್ಟಾಪು ನೀನೇ ಹೆಚ್ಚು ಬಿಡು, ಅಂದೆ.
ಅವನು ಕ್ಯಾಮೆರಾವನ್ನೇ ಬಿಟ್ಟ.

ಯಶವಂತ ತಳೇಕರ, ಮೀನುಗಾರಿಕೆ ಇಲಾಖೆಯ ಗುಮಾಸ್ತ,
ಬೈತಖೋಲದ ಧಕ್ಕೆಗೆ ಹೊಸ ಜಾತಿಯ ಮೀನು ಬಂದರೆ
ಸ್ವಂತ ಖರ್ಚಿನಲ್ಲಿ ಫೋಟೋ ಹೊಡೆದು ಕಡತಕ್ಕೆ ಅಂಟಿಸುವವ.
"ಒಂಬತ್ತು ವರ್ಷ! ಒಮ್ಮೆ ಐಸು ಪೆಟ್ಟಿಗೆಯೊಳಗೇ ಬಿತ್ತು.
ಎತ್ತಿ ಅಂಗಿಯಿಂದ ಒರೆಸಿ ಒತ್ತಿದೆ, ಹೊಡೀತು.
ನನ್ನ ಸ್ಕೂಟರಿಗಿಂತ ನಂಬಿಗಸ್ತ."
ವಾಸನೆಯ ಬಗ್ಗೆ ಅವ ಹೇಳಲಿಲ್ಲ.
ಹಿಂದಿನ ಮುಚ್ಚಳ ತೆರೆದರೆ, ಒಣ ಶೆಟ್ಲಿ.

ಕಮಲಾಕ್ಷಿ ಆಗೇರ ಕೂರಲಿಲ್ಲ, ನಿಂತೇ ಮಾತಾಡಿದಳು.
ಪರಿಹಾರದ ಕಡತಕ್ಕೆ ಮನೆಗಳ ಫೋಟೋ ತೆಗೆಯುವ ಗುತ್ತಿಗೆ ಅವಳದ್ದು.
"ಫೋಕಸ್ ಬಲು ಬೇಗ ಸಿಗ್ತದೆ. ಅದೇ ತೊಂದರೆ.
ಒಳಗೆ ನೋಡಿದರೆ ಬಾಗಿಲ ಕಂಬ ಎರಡು ತುಂಡಾಗಿರ್ತದೆ,
ರಿಂಗು ತಿರುಗಿಸಿದರೆ ಕೂಡ್ತದೆ, ಒತ್ತಬೇಕು.
ಕೂಡಿಸಿ ಬರ್ತೇನೆ.
ಮರುವಾರ ಹೋದರೆ ಪಾಯ ಮಾತ್ರ."
ಬ್ಯಾಟರಿ ಹಾಕಿಸಿಕೊಂಡಳು. ಚಿಲ್ಲರೆ ಮರೆತು ಹೋದಳು.

ಈಗ ಓಂಕಾರ ಪೆಡ್ನೇಕರ, ಸದಾಶಿವಗಡದ ಗಡ್ಡದ ಹುಡುಗ.
ಒಂದು ರೋಲಿನ ದುಡ್ಡಿಗೆ ಮನೆಮಂದಿಗೆಲ್ಲ ಇಸ್ವಾಣ ಬರುತ್ತದೆ,
ಇವನಿಗೆ ರೋಲೇ ಬೇಕು.
"ಆ ಸೌಂಡು ಕೇಳಿ ಅಂಕಲ್! ಅದಕ್ಕೇ ತಗೊಂಡೆ."
(ಇನಾಸ್ ಇದ್ದಿದ್ದರೆ!)
ತಿಂಗಳ ಮೇಲೆ ಮತ್ತೆ ಬಂದ.
"ಅಂಕಲ್, ಮೊದಲ ಫ್ರೇಮಿನಲ್ಲಿ ಯಾರೋ ಇದ್ದಾರೆ."

ಯಾರೋ ಅಲ್ಲ.
ರಿಪೇರಿ ಮುಗಿದ ಮೇಲೆ ರೋಲು ನಾನೇ ತುಂಬಿಸಿ
ಬಾಗಿಲಲ್ಲಿ ನಿಂತು ಒಂದು ಹೊಡೆಯುತ್ತೇನೆ, ಪರೀಕ್ಷೆಗೆ.
ರಸ್ತೆಯಾಚೆ ಪ್ರಭಾವತಿ ಮಿರಾಶಿಯ ಹೊಲಿಗೆ ಯಂತ್ರ.
ಮೊದಲೆಲ್ಲ ಶಾಲೆಯ ಅಂಗಿ, ಆಮೇಲೆ ನೌಕಾನೆಲೆಯವರ ಯೂನಿಫಾರ್ಮು,
ಮಡಿಲ ತುಂಬ ಬಿಳಿ, ಕಾಲ ಮೇಲೂ ಬಿಳಿ.
ಮೀಟರು ಪರೀಕ್ಷಿಸಲು ಇಡೀ ಕಾರವಾರದಲ್ಲಿ
ಇದಕ್ಕಿಂತ ಒಳ್ಳೆ ಜಾಗ ಇಲ್ಲ,
ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ,
ಅವಳ ಜಡೆಯಿಂದ ಅವಳ ಕನ್ನಡಕದವರೆಗೆ.
ಊರಿಗೆಲ್ಲ ಹೇಳಿದ ಆ ಒಂದು ಸ್ಟಾಪು
ನಾನು ಒಮ್ಮೆಯೂ ಬಿಡಲಿಲ್ಲ.

ಹುಡುಗ ಸುಮ್ಮನಿರಬೇಕಲ್ಲ,
ಪ್ರಿಂಟು ಒಯ್ದು ಅವಳಿಗೇ ಕೊಟ್ಟಿದ್ದಾನೆ.
ಸಂಜೆ ರಸ್ತೆ ದಾಟಿ ಬಂದಳು, ಕುತ್ತಿಗೆಯಲ್ಲಿ ಟೇಪು.
"ಕಪ್ಪಾಗಿ ಬಂದಿದ್ದೇನೆ."
ಅದು ಬಿಳಿ ಬಟ್ಟೆಯ ದೆಸೆಯಿಂದ, ಮೀಟರು ಏನು ಮಾಡ್ತದೆ ಅಂದರೆ…
"ಗೊತ್ತಿತ್ತು ನನಗೆ. ನಾಲ್ಕು ಸಲವೂ.
ಪೆಡಲು ನಿಲ್ಲಿಸಿದ್ದೆ. ಇಲ್ಲದಿದ್ದರೆ ಕೈ ಅಲುಗಿ ಬರ್ತಿತ್ತು."

ಪ್ರಿಂಟನ್ನು ಮೇಜಿನ ದೀಪಕ್ಕೆ ಹಿಡಿದೆ.
ಮುಖ ಕಪ್ಪೇ. ಆದರೆ ಸೂಜಿ ಸ್ಪಷ್ಟ,
ಬಟ್ಟೆಯಿಂದ ಮೇಲೆದ್ದು
ನಿಂತಿದೆ.