ಒತ್ತಕ್ಷರ

ಲೈಸೆನ್ಸು ಶುಕ್ರವಾರಕ್ಕೆ ಮುಗಿಯುತ್ತದೆ.
ಪರದೆಯ ಮೂಲೆಯಲ್ಲಿ ಹಳದಿ ಪಟ್ಟಿ,
ತಿಂಗಳ ಕೊನೆಗೆ ಮೆಟ್ಟಿಲಲ್ಲಿ ನಿಂತು
ಮನೆ ಓನರ್ ಕೆಮ್ಮಿದ ಹಾಗೆ.

ರಾಜಾಜಿನಗರ, ಹಿಟ್ಟಿನ ಗಿರಣಿಯ ಮೇಲಿನ ಕೋಣೆ.
ಗಿರಣಿ ತಿರುಗಿದರೆ ಮೇಜು ನಡುಗುತ್ತದೆ,
ರಾಗಿಗೆ ಒಂದು ಥರ, ಗೋಧಿಗೆ ಇನ್ನೊಂದು.
ಹಾರ್ಡ್ ಡಿಸ್ಕಿನ ಕೆಳಗೆ ಹಳೆ ಟವೆಲ್ ಮಡಿಸಿಟ್ಟಿದ್ದೇನೆ.
ಅದರೊಳಗಿದೆ ಇಡೀ ಸಿನಿಮಾ,
ನಲವತ್ತೊಂದು ಗಂಟೆ, ಇನ್ನೂ ಹೆಸರಿಟ್ಟಿಲ್ಲ.

ನಿರ್ಮಾಪಕ ರುದ್ರಮುನಿಯವರದು
ಮೈಸೂರು ರಸ್ತೆಯಲ್ಲಿ ಪ್ಲೈವುಡ್ ಅಂಗಡಿ.
"ಬಾಡಿಗೆಯದಾ, ಭೋಗ್ಯದ್ದಾ, ಸ್ವಂತದ್ದಾ?
ಅಷ್ಟು ಹೇಳಿ ಸಾಕು" ಎಂದರು.
ತಪ್ಪೇನಿಲ್ಲ. ಈ ಊರಲ್ಲಿ ಎಲ್ಲವನ್ನೂ ಹಾಗೇ ಕೇಳಬೇಕು.

ಒಂದು ಬಾಡಿಗೆಯದು. ಕಟ್ಟುವುದು ನಿಲ್ಲಿಸಿದರೆ
ಸಾಮಾನು ಒಳಗೆ, ಬೀಗ ಹೊರಗೆ.
ಒಂದು ದೊಡ್ಡ ಮನೆತನದ್ದು,
ಹತ್ತು ಜನ ಒಟ್ಟಿಗೆ ಕೂತು ಒಂದೇ ರೀಲು ಕತ್ತರಿಸಬಹುದಂತೆ;
ಇಲ್ಲಿರುವುದು ಒಂದೂವರೆ ಜನ:
ನಾನು, ಸಂಜೆಯ ಮೇಲೆ ಶಾಯಿಸ್ತಾ.
ಇನ್ನೊಂದು ಬಿಟ್ಟಿ ಎನ್ನುತ್ತಾರೆ.
ಆಮೇಲೆ ತನಗೆ ತಕ್ಕ ಗ್ರಾಫಿಕ್ಸ್ ಕಾರ್ಡು ಕೇಳುತ್ತದೆ,
ವರದಕ್ಷಿಣೆ ಬೇಡ, ಮದುವೆ ಮಾತ್ರ
ಚೆನ್ನಾಗಿ ಮಾಡಿಕೊಡಿ ಎಂದ ಬೀಗರಂತೆ.

ಮೂರು ರಾತ್ರಿ, ಮೂರರಲ್ಲೂ ಒಂದೇ ದೃಶ್ಯ ಕಟ್ಟಿದೆ.
ಕಲಾಸಿಪಾಳ್ಯದ ಬಸ್ಸಿನ ಕಿಟಕಿ,
ಚಿಲ್ಲರೆ ಎಣಿಸುತ್ತಿರುವ ಹೆಂಗಸು,
ಎಣಿಕೆ ತಪ್ಪಿ ತಲೆ ಎತ್ತುತ್ತಾಳೆ.
ಎತ್ತುವ ಮುಂಚೆ ಕತ್ತರಿಸಲೋ, ಎತ್ತಿದ ಮೇಲೋ?
ಮೂರೂ ಬಾಯಿ ಬಿಡಲಿಲ್ಲ.
ಬೆರಳು ಮಾತ್ರ ಗೊಣಗಿತು, ಇಪ್ಪತ್ತು ವರ್ಷದ ರೂಢಿ,
ಕರೆಂಟು ಹೋದಾಗ ಹೊಸ ಮನೆಯ ಗೋಡೆ ತಡವಿದಂತೆ
ಇಲ್ಲದ ಕೀಲಿಯನ್ನು ಇದ್ದಲ್ಲೇ ಹುಡುಕಿತು.

ಲಕ್ಷ್ಮಯ್ಯನವರ ಕಾಲಕ್ಕೆ ಈ ತಾಪತ್ರಯವಿರಲಿಲ್ಲ.
ಗಾಂಧಿನಗರದ ಹಿಂದಿನ ಗಲ್ಲಿ, ಒಂದೇ ಯಂತ್ರ,
ಕಿವಿಯ ಸಂದಿಯಲ್ಲಿ ಬಿಳಿ ಪೆನ್ಸಿಲು.
ಕತ್ತರಿಸಿದ ತುಂಡುಗಳನ್ನು ಬಟ್ಟೆ ಒಣಹಾಕಿದಂತೆ ತೂಗುಬಿಟ್ಟು
"ಬಿಸಾಡಬೇಡ, ನಾಳೆ ಅದೇ ಬೇಕಾಗುತ್ತೆ" ಅನ್ನುತ್ತಿದ್ದರು.
ಒಮ್ಮೆ ಎರಡು ಫ್ರೇಮು ಗುಡಿಸಿಬಿಟ್ಟಿದ್ದೆ.
ಕಸದ ಬುಟ್ಟಿ ನೆಲಕ್ಕೆ ಸುರಿದು, ಕುಕ್ಕರುಗಾಲಲ್ಲಿ ಕೂತು,
ಚೂರು ಚೂರನ್ನೂ ಟ್ಯೂಬ್‌ಲೈಟಿಗೆ ಹಿಡಿದು
ಹುಡುಕಿ ಕೈಗಿತ್ತರು. ಬೈಯಲಿಲ್ಲ.
ಬೈದಿದ್ದರೆ ಮರೆತಿರುತ್ತಿದ್ದೆ.

ನಿನ್ನೆ ರಾತ್ರಿ ಕೊನೆಯ ಪಟ್ಟಿಗೆ
ಶಾಯಿಸ್ತಾ ಅವರ ಹೆಸರು ಟೈಪು ಮಾಡಿದಳು.
ಮೊದಲನೆಯದರಲ್ಲಿ
ಲಕ್‌ಷ್‌ಮಯ್‌ಯ
ಎಂದು ಮೂಳೆ ಮುರಿದು ಬಿದ್ದರು.
ಎರಡನೆಯದರಲ್ಲಿ ಸಾಲಾಗಿ ಖಾಲಿ ಚೌಕ,
ಬಾಡಿಗೆಗೆ ಹೋಗದ ಮಳಿಗೆಗಳು.
ಮೂರನೆಯದರಲ್ಲಿ, ನನ್ನ ಬೆರಳಿಗೆ ಒಗ್ಗದೇ ಹೋದದ್ದರಲ್ಲಿ,
ಕ ಕೆಳಗೆ ಷ, ಷ ಕೆಳಗೆ ಮ,
ಇಪ್ಪತ್ತು ಮೂವತ್ತರ ಸೈಟಿನಲ್ಲಿ ಎಬ್ಬಿಸಿದ
ಮೂರಂತಸ್ತಿನ ಮನೆಯಂತೆ
ಒಂದರ ಹೆಗಲಿಗೆ ಒಂದು ಆತು ನಿಂತಿತ್ತು.
ಯಾವುದೆಂದು ಹೇಳುವುದಿಲ್ಲ.
ಮುಂದಿನ ಅಪ್‌ಡೇಟಿಗೆ ಅದೂ ಕುಸಿದೀತು.

"ಹೆಸರನ್ನು ಬೇರೆ ಕಡೆ ಬರೆದು
ಚಿತ್ರದ ಹಾಗೆ ಅಂಟಿಸಬಹುದಲ್ಲ?" ಅಂದಳು ಶಾಯಿಸ್ತಾ.
ಬಹುದು. ಎಲ್ಲರೂ ಹಾಗೇ ಮಾಡುತ್ತಾರೆ.
ಎಷ್ಟೋ ಜನರ ಹೆಸರನ್ನು ನಾನೂ ಹಾಗೇ ಅಂಟಿಸಿದ್ದೇನೆ.

ಬೆಳಿಗ್ಗೆ ರುದ್ರಮುನಿಯವರಿಗೆ ಫೋನು ಮಾಡಿ
ಮೂರನೆಯದು ಎಂದೆ. ಯಾಕೆ ಅಂದರು.
ವೇಗ ಜಾಸ್ತಿ ಸಾರ್, ಎಂದೆ.

ಕೆಳಗೆ ಗಿರಣಿ ಶುರುವಾಯಿತು.
ಮೇಜು ನಡುಗುವ ಬಗೆ ನೋಡಿದರೆ ರಾಗಿ.
ಹೆಂಗಸು ಇನ್ನೂ ಚಿಲ್ಲರೆ ಎಣಿಸುತ್ತಿದ್ದಾಳೆ.